ಬೊಬ್ಬೆ ಒಡೆಯಬೇಡಿ
ಹೊಸ ಚಪ್ಪಲಿ ಕಚ್ಚಿದರೆ ಹಿಮ್ಮಡಿಯಲ್ಲಿ, ಗುದ್ದಲಿ ಹಿಡಿದರೆ ಅಂಗೈಯಲ್ಲಿ ಬೊಬ್ಬೆ ಏಳುವುದೇಕೆ? ಸತತ ಉಜ್ಜುವಿಕೆಯಿಂದ ಹೊರಚರ್ಮದ ಪದರಗಳು ಒಂದರಿಂದೊಂದು ಬಿಟ್ಟುಕೊಳ್ಳುತ್ತವೆ. ಆ ಸಂದಿನಲ್ಲಿ ರಕ್ತನಾಳಗಳಿಂದ ಒಸರಿದ ತಿಳಿ ದ್ರವ ತುಂಬುತ್ತದೆ. ಮೊದಲು ಕೆಂಪು, ಉರಿ, ಆಮೇಲೆ ಗುಳ್ಳೆ.

ಇದನ್ನು ಪಿನ್ನಿನಿಂದ ಚುಚ್ಚುವುದು ತಪ್ಪು. ಮೇಲಿನ ತೊಗಲೇ ರೋಗಾಣುಗಳನ್ನು ತಡೆಯುವ, ನಿಸರ್ಗ ಕಟ್ಟಿದ ಪಟ್ಟಿ. ಅದರಡಿ ಹೊಸ ಚರ್ಮ ಬೆಳೆದು, ಸುಮಾರು ಒಂದು ವಾರದಲ್ಲಿ ದ್ರವ ಇಂಗುತ್ತದೆ. ತಾನಾಗಿ ಒಡೆದರೆ ಸೋಪುನೀರಿನಲ್ಲಿ ತೊಳೆದು, ತೊಗಲು ಕೀಳದೆ ಶುಭ್ರವಾದ ಪಟ್ಟಿ ಕಟ್ಟಬೇಕು. ಕೀವು, ಜ್ವರ, ಹರಡುವ ಕೆಂಪು ಕಂಡರೆ ವೈದ್ಯರಿಗೆ ತೋರಿಸಬೇಕು.

ಸಕ್ಕರೆ ಕಾಯಿಲೆಯಿರುವ ಅಜ್ಜ, ಅಜ್ಜಿಗೆ ಕಾಲಿನ ನೋವು ತಿಳಿಯದಿರಬಹುದು. ಅವರ ಪಾದಗಳನ್ನು ದಿನವೂ ನೋಡುವ ಕೆಲಸ ಮೊಮ್ಮಕ್ಕಳದ್ದಾಗಲಿ. ಬೊಬ್ಬೆ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.