ಎಕರೆಯಲ್ಲಿ ಮಾರಿ ಅಡಿಯಲ್ಲಿ ಕೊಳ್ಳುವ ನೆಲ

ದೊಡ್ಡಬೆಳವಂಗಲದ ಸುತ್ತಮುತ್ತ ಈಗ ನೆಲಕ್ಕೆ ಎರಡು ಅಳತೆಗಳು ನಡೆಯುತ್ತಿವೆ. ರೈತನು ಮಾರುವಾಗ ಎಕರೆ ಗುಂಟೆಗಳ ಲೆಕ್ಕ. ನಗರದವನು ಕೊಳ್ಳುವಾಗ ಚದರಡಿಯ ಲೆಕ್ಕ. ನಿನ್ನೆ ರಾಗಿ ಅವರೆ ಬೆಳೆದ ಹೊಲವೇ ಇಂದು ಕಲ್ಲು ನೆಟ್ಟ ನಿವೇಶನವಾಗಿದೆ; ಮಣ್ಣು ಬದಲಾಗಿಲ್ಲ. ಆದರೆ ಒಂದು ಅಳತೆಯಿಂದ ಇನ್ನೊಂದಕ್ಕೆ ದಾಟುವಷ್ಟರಲ್ಲಿ ಅದರ ಬೆಲೆ ಹಲವು ಪಟ್ಟು ಏರಿರುತ್ತದೆ. ಈ ಏರಿಕೆ ಎಲ್ಲಿಂದ ಬಂತು, ಯಾರ ಪಾಲಾಯಿತು ಎಂಬುದನ್ನು ವಿಚಾರಿಸದೆ ಬೆಂಗಳೂರಿನ ಸುತ್ತಣ ಊರುಗಳಲ್ಲಿ ಎಲ್ಲಿ ಅಗ್ಗ, ಎಲ್ಲಿ ತುಟ್ಟಿ ಎಂದು ಹೋಲಿಸಹೊರಟರೆ ಅದು ಅರ್ಧ ಲೆಕ್ಕವಷ್ಟೇ ಆದೀತು.

ಮೊದಲು ಒಂದು ಸರಳ ಗಣಿತವನ್ನು ನೋಡೋಣ. ಎಕರೆಗೆ 40 ಗುಂಟೆ. ಅಂದರೆ 43,560 ಚದರಡಿ. ಮೂವತ್ತು ನಲವತ್ತರ ನಿವೇಶನವೆಂದರೆ 1,200 ಚದರಡಿ. ಒಂದು ಗುಂಟೆಗಿಂತ ತುಸು ಹೆಚ್ಚು. ಬರಿಯ ಲೆಕ್ಕದ ಅನುಕೂಲಕ್ಕಾಗಿ ಜಮೀನಿಗೆ ಎಕರೆಯೊಂದಕ್ಕೆ ಒಂದು ಕೋಟಿ ರೂಪಾಯಿ, ನಿವೇಶನಕ್ಕೆ ಚದರಡಿಗೆ 1,500 ರೂಪಾಯಿ ಎಂದು ಇಟ್ಟುಕೊಳ್ಳೋಣ. ರೈತನಿಗೆ ಗುಂಟೆಗೆ ದೊರೆತದ್ದು ಎರಡೂವರೆ ಲಕ್ಷ. ಅವನ ಮಗನು ಅದೇ ಹೊಲದಲ್ಲಿ ಮನೆ ಕಟ್ಟಲು ಒಂದು ನಿವೇಶನ ಬೇಕೆಂದರೆ ತೆರಬೇಕಾದುದು 18 ಲಕ್ಷ. ಏಳು ಗುಂಟೆಗೂ ಮಿಕ್ಕಿ ಮಾರಿದ ಹಣಕ್ಕೆ ಒಂದು ಗುಂಟೆಯಷ್ಟು ನೆಲ ಹಿಂದಕ್ಕೆ ಬಂದಂತಾಯಿತು. ಈ ವ್ಯತ್ಯಾಸವೆಲ್ಲ ಮೋಸವೆಂದು ಹೇಳುವುದು ನ್ಯಾಯವಲ್ಲ. ರಸ್ತೆ, ಚರಂಡಿ, ಉದ್ಯಾನಗಳಿಗೆ ಅರ್ಧ ನೆಲ ಹೋದರೆ ಎಕರೆಯಲ್ಲಿ ಉಳಿಯುವುದು ಹದಿನೆಂಟು ನಿವೇಶನ. ಭೂಪರಿವರ್ತನೆ, ನಕ್ಷೆಯ ಮಂಜೂರಾತಿ, ವಿದ್ಯುತ್ತು, ಸಾಲದ ಬಡ್ಡಿ ಇವಕ್ಕೂ ಖರ್ಚುಂಟು. ಇವೆಲ್ಲವನ್ನು ಕಳೆದ ಮೇಲೂ ಮಿಗುವ ಮೊತ್ತವೊಂದಿದೆ. ನಗರಕ್ಕೂ ಆ ಊರಿಗೂ ನಡುವೆ ಇದ್ದ ದೂರ ಕರಗಿದುದರ ಬೆಲೆಯೆಂದು ಅದನ್ನು ಕರೆಯಬಹುದು.

ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಹೋಲಿಸಿ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಚಕ್ಕೋತಕ್ಕೆ ಹೆಸರಾಗಿದ್ದ ದೇವನಹಳ್ಳಿಯ ಇಂದಿನ ಬೆಲೆ ನಿಂತಿರುವುದು 2008ರ ಮೇ ತಿಂಗಳಲ್ಲಿ ತೆರೆದ ವಿಮಾನ ನಿಲ್ದಾಣದ ಮೇಲೆ. ಹೊಸಕೋಟೆಗೆ ನೆರೆಯ ವೈಟ್‌ಫೀಲ್ಡಿನ ಬಲವಿದೆ. 1882ರಲ್ಲಿ ಆಂಗ್ಲೋ ಇಂಡಿಯನ್ನರ ಕೃಷಿ ವಸಾಹತಾಗಿ ಹುಟ್ಟಿದ ಆ ಊರಿಗೆ 2023ರಲ್ಲಿ ಮೆಟ್ರೋ ರೈಲು ಬಂದಿತು. ನೆಲಮಂಗಲಕ್ಕೆ ತುಮಕೂರು ಹೆದ್ದಾರಿಯೂ ಪೀಣ್ಯದ ಕೈಗಾರಿಕೆಗಳೂ ಆಧಾರ. 2024ರ ನವೆಂಬರಿನಲ್ಲಿ ಮೆಟ್ರೋ ಮಾರ್ಗ ಮಾದಾವರದವರೆಗೆ ಬಂದಾಗ ಆ ಆಧಾರ ಇನ್ನಷ್ಟು ಗಟ್ಟಿಯಾಯಿತು. ದೊಡ್ಡಬಳ್ಳಾಪುರಕ್ಕೆ ರೇಷ್ಮೆಯ ಮಗ್ಗಗಳೂ ಹಳೆಯ ರೈಲುದಾರಿಯೂ ಇವೆ. ಆದರೆ 2022ರಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಯೋಜನೆಯ ಗೆರೆಯು ಈ ದಿಕ್ಕಿನಲ್ಲಿ ರಾಜಾನುಕುಂಟೆಗೇ ನಿಲ್ಲುತ್ತದೆ. ಇಲ್ಲಿ ಬೆಲೆ ಇಷ್ಟು ಕಾಲ ತಗ್ಗಿದ್ದುದಕ್ಕೆ ಕಾರಣ ಮಣ್ಣಿನ ಬಡತನವಲ್ಲ, ದಾರಿಯ ಬಡತನ.

ಆ ದಾರಿಯೂ ಈಗ ಬಂದಿದೆ. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೂಲಕ ಹೊಸಕೋಟೆಗೆ ಹೋಗುವ ಉಪನಗರ ವರ್ತುಲ ಹೆದ್ದಾರಿಯನ್ನು 2024ರ ಮಾರ್ಚಿನಲ್ಲಿ ಉದ್ಘಾಟಿಸಲಾಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರವು ಡಾಬಸ್‌ಪೇಟೆ ಮತ್ತು ದೊಡ್ಡಬಳ್ಳಾಪುರಗಳ ನಡುವೆ ಸುಮಾರು 5,800 ಎಕರೆಯಲ್ಲಿ ‘ಕ್ವಿನ್ ಸಿಟಿ’ ಎಂಬ ಹೊಸ ನಗರವನ್ನು ಕಟ್ಟುವ ಯೋಜನೆಗೆ ಚಾಲನೆ ನೀಡಿತು. ದೊಡ್ಡಬೆಳವಂಗಲದ ಸೀಮೆಯು ಈ ಎರಡು ಊರುಗಳ ನಡುವಿನದು. ದೇವನಹಳ್ಳಿಯಲ್ಲಿ ಬೆಲೆ ಬಂದು ನಿಂತಿರುವುದು ಕಣ್ಣಿಗೆ ಕಾಣುವ ನಿಲ್ದಾಣದ ಮೇಲೆ. ನಮ್ಮಲ್ಲಿ ಇನ್ನೂ ಬರಬೇಕಾಗಿರುವ ನಗರವೊಂದರ ಭರವಸೆಯ ಮೇಲೆ. ಭರವಸೆಗೆ ಬೆಲೆ ಕಟ್ಟಿದಾಗ ಮೊದಲು ಲಾಭ ಪಡೆಯುವವನು ಸುದ್ದಿಯನ್ನು ಮೊದಲು ಬಲ್ಲವನು. ಉಳುವವನು ಅಂಥವನಾಗಿರುವುದು ಅಪರೂಪ.

ಬೆಂಗಳೂರು ಹೊರಕ್ಕೆ ಬೆಳೆದುದು ಇದೇ ಮೊದಲಲ್ಲ. 1898ರಲ್ಲಿ ಪ್ಲೇಗು ಮಾರಿ ಬಡಿದಾಗ ಇಕ್ಕಟ್ಟಾದ ಪೇಟೆಯ ಜನರಿಗಾಗಿ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. 1945ರಲ್ಲಿ ನಗರಾಭಿವೃದ್ಧಿಗಾಗಿ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರ ಬಿದ್ದಿತು. ಆ ಬಡಾವಣೆಗಳೂ ಯಾರದೋ ಹೊಲಗಳ ಮೇಲೆಯೇ ಎದ್ದವು; ಅದನ್ನು ಮರೆತು ಹಿಂದಿನದನ್ನು ಹೊಗಳುವುದು ಸಲ್ಲದು. ಆದರೂ ಅಲ್ಲಿ ಒಂದು ಕ್ರಮವಿತ್ತು. ಬೀದಿ, ಉದ್ಯಾನ, ಮಾರುಕಟ್ಟೆಗಳ ಗೆರೆಯನ್ನು ಸಾರ್ವಜನಿಕ ಸಂಸ್ಥೆ ಮೊದಲು ಎಳೆಯಿತು. ಮನೆಗಳು ಆಮೇಲೆ ಬಂದವು. ಈಗ ಹಳ್ಳಿಗಳ ಅಂಚಿನಲ್ಲಿ ಕ್ರಮ ತಲೆಕೆಳಗಾಗಿದೆ. ಮೊದಲು ಬೆಲೆ, ಆಮೇಲೆ ಕಾಂಪೌಂಡು, ಅದಾದ ಮೇಲೆ ಮನೆ. ನೀರು ಎಲ್ಲಕ್ಕೂ ಕಡೆಗೆ.

ಈ ನೀರಿನ ಮಾತು ಇಲ್ಲಿ ಪ್ರಾಸಂಗಿಕವಲ್ಲ, ಮುಖ್ಯವೇ ಆದುದು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ನಮ್ಮ ತಾಲ್ಲೂಕನ್ನು ಹಾದು ಹೋಗುತ್ತದೆ. 1890ರ ದಶಕದಲ್ಲಿ ಹೆಸರಘಟ್ಟದಿಂದಲೂ 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದಲೂ ಬೆಂಗಳೂರಿಗೆ ನೀರುಣಿಸಿದವಳು ಅವಳು. ಅವಳ ಹರಿವು ಕುಗ್ಗಿತು. ನಗರ ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯತ್ತ ಕೈ ಚಾಚಿತು. ಒಂದು ಕಾಲಕ್ಕೆ ನಗರಕ್ಕೆ ನೀರು ಕೊಟ್ಟ ಈ ಸೀಮೆಯಲ್ಲಿ ಇಂದು ತೋಟಕ್ಕೂ ಮನೆಗೂ ಕೊಳವೆ ಬಾವಿಯೇ ಗತಿ. ಹೊಸ ಬಡಾವಣೆ ಕೊರೆಯುವ ಬಾವಿಗೂ ಪಕ್ಕದ ದ್ರಾಕ್ಷಿ ತೋಟದ ಬಾವಿಗೂ ನೆಲದೊಳಗೆ ಬೇಲಿಯಿಲ್ಲ. ನಿವೇಶನದ ಬೆಲೆಪಟ್ಟಿಯಲ್ಲಿ ವಿಮಾನ ನಿಲ್ದಾಣ ಎಷ್ಟು ನಿಮಿಷದ ದಾರಿ ಎಂದು ಬರೆದಿರುತ್ತದೆ. ನೀರು ಎಷ್ಟು ಅಡಿಯಲ್ಲಿದೆ ಎಂದು ಬರೆದಿರುವುದಿಲ್ಲ. ಅಗ್ಗವೆಂದು ಕೊಂಡವನು ಆ ಉಳಿತಾಯವನ್ನು ಟ್ಯಾಂಕರಿಗೂ ಪೆಟ್ರೋಲಿಗೂ ಕಂತು ಕಂತಾಗಿ ತೆರುತ್ತಾನೆ. ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ಪಂಚಾಯತಿಯ ಇ-ಖಾತೆ ಇವುಗಳ ಜೊತೆಗೆ ಬೇಸಗೆಯಲ್ಲೊಮ್ಮೆ ಬಂದು ಬಾವಿಯನ್ನೂ ನೋಡಿ ಕೊಳ್ಳುವುದು ಜಾಣತನ.

ಇನ್ನು ಮಾರುವವನ ವಿಷಯ. 2020ರಲ್ಲಿ ಭೂಸುಧಾರಣೆ ಕಾಯಿದೆಗೆ ತಂದ ತಿದ್ದುಪಡಿಯಿಂದ 79ಎ, 79ಬಿ ಪ್ರಕರಣಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿಭೂಮಿಯನ್ನು ಕೊಳ್ಳುವುದು ಸುಲಭವಾಯಿತು. ರೈತನಿಗೆ ಕೊಳ್ಳುವವರು ಹೆಚ್ಚಾದರು. ಇದು ಅವನಿಗೆ ಲಾಭವೆಂಬ ವಾದದಲ್ಲಿಯೂ ಹುರುಳಿದೆ. ಮಗಳ ಮದುವೆ, ಆಸ್ಪತ್ರೆ, ಸಾಲ ಎಂದು ಕಷ್ಟಕ್ಕೆ ಸಿಕ್ಕವನಿಗೆ ಮಾರಬೇಡವೆಂದು ಉಪದೇಶಿಸುವ ಅಧಿಕಾರ ತಿಂಗಳ ಸಂಬಳ ಎಣಿಸುವ ನಮ್ಮಂಥವರಿಗಿಲ್ಲ. ಆದರೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರು 1,777 ಎಕರೆಯ ಸ್ವಾಧೀನವನ್ನು ವಿರೋಧಿಸಿ ಮೂರು ವರ್ಷಕ್ಕೂ ಮಿಕ್ಕಿ ಹೋರಾಡಿದರು. 2025ರ ಜುಲೈ 15ರಂದು ಸರ್ಕಾರ ಆ ಪ್ರಸ್ತಾಪವನ್ನು ಕೈಬಿಟ್ಟು, ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ಪಡೆಯುವುದಾಗಿ ಹೇಳಿತು. ನೆಲವನ್ನು ಬರಿಯ ದರದಿಂದ ಅಳೆಯಲಾಗದೆಂದು ನಂಬಿದವರು ಇನ್ನೂ ಇದ್ದಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಾರಲೇಬೇಕಾದವನಿಗೂ ಒಂದು ದಾರಿ ಉಂಟು. ನಾಡಪ್ರಭು ಕೆಂಪೇಗೌಡ ಬಡಾವಣೆಯಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ನಗದು ಪರಿಹಾರದ ಬದಲು, ಅಭಿವೃದ್ಧಿಯಾದ ನಿವೇಶನ ಭಾಗದಲ್ಲಿ ನೂರಕ್ಕೆ ನಲವತ್ತರಷ್ಟನ್ನು ಭೂಮಾಲೀಕನಿಗೇ ಕೊಡುವ ಏರ್ಪಾಟನ್ನು ತಂದಿತು. ಎಕರೆಯಲ್ಲಿ ಕೊಟ್ಟವನಿಗೆ ಅಡಿಯಲ್ಲಿಯೂ ಪಾಲು ದೊರೆಯಬೇಕೆಂಬ ತತ್ತ್ವ ಇದರಲ್ಲಿದೆ. ಖಾಸಗಿ ಬಡಾವಣೆಗಳಿಗೂ ಈ ತತ್ತ್ವವನ್ನು ವಿಸ್ತರಿಸುವುದು, ಆಯಾ ಊರಿನ ಮನೆಯಿಲ್ಲದವರಿಗಾಗಿ ಗ್ರಾಮಠಾಣೆಯ ಪಕ್ಕದಲ್ಲಿ ಒಂದಿಷ್ಟು ನೆಲವನ್ನು ಈಗಲೇ ಕಾದಿರಿಸುವುದು, ಇವೆರಡೂ ಅಸಾಧ್ಯವಾದ ಕೆಲಸಗಳಲ್ಲ. ಬೆಲೆ ಇನ್ನೊಂದು ಸುತ್ತು ಏರಿದ ಮೇಲೆ ಮಾತ್ರ ಅಸಾಧ್ಯವಾಗುತ್ತವೆ.

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ‘ಬೆಂಗಳೂರು ಉತ್ತರ’ ಎಂದು ಕರೆಯಲು ನಿರ್ಧರಿಸಿತು. ಹೆಸರು ಬದಲಾದರೆ ನಿವೇಶನದ ಬೆಲೆ ಏರುತ್ತದೆಂದು ಆಗಲೇ ಹಲವರು ಲೆಕ್ಕ ಹಾಕಿದರು. ಕನ್ನಡ ಪಾಠ ಹೇಳುವ ನನಗೆ ಹೊಳೆದದ್ದು ಸಂಧಿಯ ಮಾತು. ಗ್ರಾಮಾಂತರವನ್ನು ಬಿಡಿಸಿದರೆ ಗ್ರಾಮ, ಅಂತರ ಎಂಬ ಎರಡು ಪದಗಳು ಸಿಗುತ್ತವೆ. ಅಂತರ ಅಳಿಯಲಿ, ಆಸ್ಪತ್ರೆ, ಕಾಲೇಜು, ಉದ್ಯೋಗ ಹತ್ತಿರವಾಗಲಿ, ಯಾರಿಗೂ ಅಡ್ಡಿಯಿಲ್ಲ. ಆದರೆ ಅದರೊಡನೆ ಗ್ರಾಮವೂ ಅಳಿದು, ಅಲ್ಲಿ ಹುಟ್ಟಿದ ಮಗ ತನ್ನ ತಾತನ ಹೊಲದಲ್ಲಿ ಬಾಡಿಗೆಗೆ ಮನೆ ಹುಡುಕುವಂತಾದರೆ, ಆ ಊರು ಎಷ್ಟು ದುಬಾರಿಯಾದರೂ ಅದನ್ನು ಬೆಳೆದ ಊರೆಂದು ಹೇಳಲು ಬಾಯಿ ಬಾರದು.