ದೋಣಿ ಮೂರಾದರೂ ಪಂಕ್ತಿ ಒಂದೇ ಇರಲಿ

ನಮ್ಮ ಕಾಸರಗೋಡಿನ ಕನ್ನಡ ಶಾಲೆಗಳ ಹಳೆ ವಿದ್ಯಾರ್ಥಿಗಳು ನೀಲೇಶ್ವರದ ಕೋಟ್ಟಪ್ಪುರಂನಿಂದ ವಲಿಯಪರಂಬ ಹಿನ್ನೀರಿಗೆ ಹೌಸ್‌ಬೋಟ್ ಪ್ರವಾಸ ಹೋಗುವುದು ಸಂತೋಷವೇ. ಆದರೆ 40 ಜನರಿದ್ದರೆ ರಾತ್ರಿ ತಂಗಲು ಒಂದು ಬೋಟು ಸಾಲದು. ಆಗ ಸಸ್ಯಾಹಾರಿಗಳಿಗೊಂದು, ಮೀನು ತಿನ್ನುವವರಿಗೊಂದು ಎಂದು ಹಂಚಿಬಿಡುವುದು ಸುಲಭ. ನನ್ನ ಮಟ್ಟಿಗೆ ಅದು ಸರಿಯಲ್ಲ. ಶಾಲೆಯ ಜಗಲಿಯಲ್ಲಿ ಒಂದೇ ಸಾಲಿನಲ್ಲಿ ಕುಳಿತು ಗಂಜಿ, ಹೆಸರುಕಾಳು ಉಂಡವರಲ್ಲವೇ ಇವರು?

ರಾತ್ರಿ ಬೋಟುಗಳನ್ನು ಹೇಗೂ ದಡಕ್ಕೆ ಕಟ್ಟುತ್ತಾರೆ. ಅಕ್ಕಪಕ್ಕ ಕಟ್ಟಬೇಕು, ದಡದಲ್ಲಿ ಊಟಕ್ಕೆ ಜಾಗ ಬೇಕು ಎಂದು ಮುಂಗಡ ಕೊಡುವಾಗಲೇ ಹೇಳಿ. ಯಾರಿಗೆ ಯಾವ ಊಟವೆಂಬ ಪಟ್ಟಿಯನ್ನೂ ಕೊಡಿ. ಪಾತ್ರೆ ಬೇರೆ, ಸೌಟು ಬೇರೆ ಇರಲಿ. ಪಂಕ್ತಿ ಮಾತ್ರ ಒಂದೇ ಇರಲಿ.

ಗಡಿಯಾಚೆಯ ಕನ್ನಡ ಬಳಗ ಮೊದಲೇ ಸಣ್ಣದು. ಊಟದ ನೆಪದಲ್ಲಿ ಅದನ್ನು ಇನ್ನಷ್ಟು ಒಡೆಯುವುದು ಬೇಡ.