ದೀರ್ಘಾಯುಷ್ಯಕ್ಕೆ ಮಾಲೀಕರು ಸಿದ್ಧರೇ?

ದೇಶಕ್ಕೆ ಸ್ವಾತಂತ್ರ್ಯ ದೊರೆತಾಗ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. ಶಿಶುಮರಣ ತಗ್ಗಿದ್ದು ಇದಕ್ಕೆ ಮುಖ್ಯ ಕಾರಣವಾದರೂ, ಅರವತ್ತು ದಾಟಿ ಬಾಳುವವರೂ ಹೆಚ್ಚಿದ್ದಾರೆ. ಅವರನ್ನು ಸಲಹುವವರಾರು ಎಂಬ ಪ್ರಶ್ನೆಯನ್ನು ನಾವು ಮಕ್ಕಳಿಗೆ ಕೇಳುತ್ತೇವೆಯೇ ಹೊರತು, ಅವರಿಂದ ದುಡಿಸಿಕೊಂಡವರಿಗೆ ಕೇಳುವುದಿಲ್ಲ.

ಹೊಳಲ್ಕೆರೆಯಲ್ಲಿ ಅಡಿಕೆ ಸುಲಿಯುವ ಹೆಂಗಸರು, ಹೊಸದುರ್ಗದಲ್ಲಿ ತೆಂಗಿನಕಾಯಿ ಹೊರುವವರು, ಹಿರಿಯೂರಿನ ಹೆದ್ದಾರಿ ಹೋಟೆಲುಗಳ ಅಡುಗೆಯವರು, ಚಿತ್ರದುರ್ಗದ ಅಂಗಡಿಗಳ ಗುಮಾಸ್ತರು, ಇವರಲ್ಲಿ ಎಷ್ಟು ಮಂದಿಗೆ ನಿವೃತ್ತಿಯ ದಿನವೊಂದು ಗೊತ್ತಾಗಿದೆ? ಭವಿಷ್ಯನಿಧಿಯ ಕಾನೂನು ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಉಳಿದವರಿಗೆ ಮಂಡಿ ಸೋತ ದಿನವೇ ನಿವೃತ್ತಿ.

ವಯಸ್ಸಾದವರಿಂದ ಕೆಲಸ ಸಾಗದೆಂಬುದು ಪೂರ್ಣ ಸತ್ಯವಲ್ಲ. 2007ರಲ್ಲಿ ಜರ್ಮನಿಯ ಡಿಂಗೋಲ್ಫಿಂಗ್‌ನಲ್ಲಿರುವ ಬಿ.ಎಂ.ಡಬ್ಲ್ಯು. ಕಾರು ಕಾರ್ಖಾನೆಯವರು ಒಂದು ವಿಭಾಗದಲ್ಲಿ ಹೆಚ್ಚು ವಯಸ್ಸಿನವರನ್ನು ನೇಮಿಸಿ, ಅವರದೇ ಸಲಹೆಯಂತೆ ಸುಮಾರು 70 ಸಣ್ಣ ಮಾರ್ಪಾಡುಗಳನ್ನು ಮಾಡಿದರು: ಮರದ ನೆಲಹಾಸು, ಕೂರಲು ಕುರ್ಚಿ, ಭೂತಗನ್ನಡಿ ಇತ್ಯಾದಿ. ಉತ್ಪಾದಕತೆ ಶೇ. 7ರಷ್ಟು ಹೆಚ್ಚಿತು. ನಮ್ಮಲ್ಲಿಯೂ ಎತ್ತರದ ಪೀಠ, ಒಳ್ಳೆಯ ಬೆಳಕು, ಹೊರುವ ಕೆಲಸದ ಬದಲು ಆರಿಸುವ ಕೆಲಸ, ಇವು ಭಾರೀ ವೆಚ್ಚದ ಮಾತಲ್ಲ.

"ಲಾಭವೇ ಅಲ್ಪ, ಪಿಂಚಣಿ ಎಲ್ಲಿಂದ?" ಎಂದು ಸಣ್ಣ ವ್ಯಾಪಾರಿ ಕೇಳುವುದು ಸಹಜ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯನ್ನು ಗಮನಿಸಿರಿ. 18ನೇ ವಯಸ್ಸಿನಲ್ಲಿ ಸೇರಿದವನು ತಿಂಗಳಿಗೆ 210 ರೂಪಾಯಿ ಕಟ್ಟಿದರೆ, 60ರ ನಂತರ ತಿಂಗಳಿಗೆ 5,000 ರೂಪಾಯಿ ದೊರೆಯುತ್ತದೆ. 40ರಲ್ಲಿ ಸೇರಿದರೆ ಅಷ್ಟೇ ಪಿಂಚಣಿಗೆ ಕಂತು 1,454 ರೂಪಾಯಿ. ಅದು ದಾಟಿದರೆ ಬಾಗಿಲು ಮುಚ್ಚಿತು. ಅಂದರೆ ಮುಪ್ಪಿನ ಸಿದ್ಧತೆ ಯೌವನದಲ್ಲಿಯೇ ಆಗಬೇಕು. ಅಂಗಡಿಗೆ ಹುಡುಗನೊಬ್ಬ ಸೇರಿದ ತಿಂಗಳೇ ಮಾಲೀಕನು ಅವನನ್ನು ಬ್ಯಾಂಕಿಗೆ ಕರೆದೊಯ್ದು, ಕಂತಿನಲ್ಲಿ ಅರ್ಧವನ್ನಾದರೂ ತಾನೇ ಭರಿಸಬಾರದೇಕೆ?

ಇಲ್ಲಿ ತತ್ತ್ವದ ಪ್ರಶ್ನೆಯೊಂದಿದೆ. ಯಂತ್ರದ ಮೌಲ್ಯ ಅದರ ಉತ್ಪನ್ನದಲ್ಲಿದೆ. ಸವೆದಾಗ ಅದನ್ನು ಗುಜರಿಗೆ ಹಾಕುತ್ತೇವೆ. ಮನುಷ್ಯನು ಹಾಗಲ್ಲ. ಶ್ರಮದ ಘನತೆ ಶ್ರಮಿಸುವ ವ್ಯಕ್ತಿಯಿಂದಲೇ ಬರುತ್ತದೆಂದು ಪೋಪ್ ಎರಡನೇ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಆ ವ್ಯಕ್ತಿ ಐವತ್ತೆಂಟರಲ್ಲಿಯೂ ಎಪ್ಪತ್ತರಲ್ಲಿಯೂ ಒಬ್ಬನೇ.

ಅಂಗಡಿ, ತೋಟ, ಹೋಟೆಲು ನಡೆಸುವ ಕಥೋಲಿಕ ಕುಟುಂಬಗಳು ಅನ್ಯರ ಕಡೆ ಬೆರಳು ತೋರುವ ಮುನ್ನ ತಮ್ಮ ಹಾಜರಿ ಪುಸ್ತಕವನ್ನು ತೆರೆದು ನೋಡಲಿ. ಅದರಲ್ಲಿರುವ ಪ್ರತಿ ಹೆಸರಿನ ಮುಂದೆ ವಯಸ್ಸನ್ನು ಬರೆಯಲಿ. ನಲವತ್ತು ತುಂಬದವರಿಗಾಗಿ ಈ ತಿಂಗಳೇ ಏನಾದರೂ ಮಾಡಬಹುದು. ನಲವತ್ತು ದಾಟಿದವರ ಹೊಣೆ ಮಾಲೀಕರ ಮನಸ್ಸಾಕ್ಷಿಯದು.